ಬೆನ್ನು ತೆರೆದ ಸ್ಪೀಕರ್‌ಗೆ ಪ್ಲೇನರ್ ಟ್ವೀಟರ್ ಯಾಕೆ?

ನಮ್ಮ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಹೊಸ ಮನೆಗಳ ಚಾವಡಿ ನೋಡಿದ್ದೀರಲ್ಲ? ಕೆಳಗೆ ಟೈಲ್ಸ್, ಮೇಲೆ ಕಾಂಕ್ರೀಟ್, ಸುತ್ತ ಗಟ್ಟಿ ಗೋಡೆ. ಅಲ್ಲಿ ತಾಳಮದ್ದಳೆಯ ರೆಕಾರ್ಡಿಂಗ್ ಹಾಕಿದರೆ ಅರ್ಥಧಾರಿಯ ಮಾತು ಗೋಡೆಗೆ ಬಡಿದು ಕಲಸಿಹೋಗ್ತದೆ. ವಾಲ್ಯೂಮ್ ಜಾಸ್ತಿ ಮಾಡಿದರೆ ಪ್ರತಿಧ್ವನಿಯೂ ಅಷ್ಟೇ ಜಾಸ್ತಿ. ಮನೆಯ ಗೋಡೆ ಬದಲಿಸಲಿಕ್ಕೆ ಆಗುವುದಿಲ್ಲ. ಆದರೆ ಗೋಡೆಗೆ ಹೋಗುವ ಶಬ್ದವನ್ನು ಕಡಿಮೆ ಮಾಡಬಹುದು. ಡೈಪೋಲ್ ಸ್ಪೀಕರ್ ಮಾಡುವುದು ಅದನ್ನೇ.

ಡೈಪೋಲ್ ಅಂದರೆ ಎಂತ?

ಕೋನ್ ಮುಂದಕ್ಕೆ ಬಂದಾಗ ಎದುರಿನ ಗಾಳಿ ಒತ್ತಲ್ಪಡುತ್ತದೆ, ಅದೇ ಕ್ಷಣ ಹಿಂದಿನ ಗಾಳಿ ಸಡಿಲವಾಗುತ್ತದೆ. ಸಾಮಾನ್ಯ ಸ್ಪೀಕರ್‌ನಲ್ಲಿ ಹಿಂದಿನ ಅಲೆಯನ್ನು ಪೆಟ್ಟಿಗೆಯೊಳಗೆ ಕೂಡಿಹಾಕುತ್ತಾರೆ. ಡೈಪೋಲ್‌ನಲ್ಲಿ ಪೆಟ್ಟಿಗೆಯೇ ಇಲ್ಲ, ಬರೀ ಒಂದು ಹಲಗೆ. ಮುಂದಿನ ಅಲೆ, ಹಿಂದಿನ ಅಲೆ ವಿರುದ್ಧ ಫೇಸ್‌ನಲ್ಲಿರುವುದರಿಂದ ಬದಿಯಲ್ಲಿ ಒಂದನ್ನೊಂದು ಅಳಿಸುತ್ತವೆ. ಶಬ್ದ ಹರಡುವ ಆಕಾರ 8ರ ಅಂಕಿಯಂತೆ. ಎದುರಿಗೆ ಅಷ್ಟೇ ಜೋರಾಗಿ ಕೇಳಿಸಿದರೂ, ಎಲ್ಲಾ ದಿಕ್ಕಿಗೂ ಹರಡುವ ಸ್ಪೀಕರ್‌ಗೆ ಹೋಲಿಸಿದರೆ ಆದರ್ಶ ಡೈಪೋಲ್ ಕೋಣೆಗೆ ಬಿಡುವ ಒಟ್ಟು ಶಕ್ತಿ ಮೂರನೇ ಒಂದು ಭಾಗ, ಅಂದರೆ ಸುಮಾರು 4.8 ಡೆಸಿಬಲ್ ಕಡಿಮೆ. ಮಾತು ಬಿಡಿಸಿ ಕೇಳುವುದು ಇದರಿಂದಲೇ.

ಇದಕ್ಕೆ ಬೆಲೆ ಕೊಡುವುದು ಬೇಸ್‌ನಲ್ಲಿ. ಮುಂದಿನಿಂದ ಹಿಂದಕ್ಕೆ ಹಲಗೆ ಸುತ್ತಿ ಬರುವ ದಾರಿ 30 ಸೆಂಟಿಮೀಟರ್ ಆದರೆ, ಸುಮಾರು 570 ಹರ್ಟ್ಸ್‌ನಿಂದ ಕೆಳಗೆ ಶಬ್ದ ಇಳಿಯತೊಡಗಿ, ಮುಂದೆ ಪ್ರತಿ ಆಕ್ಟೇವ್‌ಗೆ 6 ಡೆಸಿಬಲ್‌ನಂತೆ ಕುಸಿಯುತ್ತದೆ. ಅದಕ್ಕೇ ಇಲ್ಲಿ ದೊಡ್ಡ ವೂಫರ್, ಅಗಲ ಹಲಗೆ, ಈಕ್ವಲೈಸರ್ ಎಲ್ಲ ಬೇಕಾಗುವುದು.

ಟ್ವೀಟರ್‌ನಲ್ಲಿ ಎಡವಟ್ಟು

ವೂಫರ್‌ನ ಬೆನ್ನು ತೆರೆದೇ ಇರುತ್ತದೆ, ಆದರೆ ಪೇಟೆಯಲ್ಲಿ ಸಿಗುವ ಡೋಮ್ ಟ್ವೀಟರ್‌ನ ಬೆನ್ನು ಮುಚ್ಚಿರುತ್ತದೆ. ಅದನ್ನು ಹಾಕಿದರೆ ಕೆಳಗಿನ ಸ್ವರಗಳು ಎರಡೂ ಕಡೆ ಹೋಗುತ್ತವೆ, ಮೇಲಿನವು ಮುಂದಕ್ಕೆ ಮಾತ್ರ. ಆಗ ಕೋಣೆ ತಿರುಗಿ ಕಳಿಸುವ ಶಬ್ದದ ಬಣ್ಣವೇ ಬೇರೆಯಾಗುತ್ತದೆ. ಎರಡು ಡೋಮ್‌ಗಳನ್ನು ಬೆನ್ನಿಗೆ ಬೆನ್ನು ಇಟ್ಟು, ಒಂದರ ವಯರ್ ತಿರುಗಿಸಿ ಕೊಡುವವರೂ ಇದ್ದಾರೆ. ಡೈಪೋಲ್ ವಿನ್ಯಾಸದಲ್ಲಿ ದೊಡ್ಡ ಹೆಸರಾದ ಸೀಗ್‌ಫ್ರೀಡ್ ಲಿಂಕ್ವಿಟ್ಜ್ ಕೂಡ ಹಿಂಬದಿಗೆ ಇನ್ನೊಂದು ಟ್ವೀಟರ್ ಇಟ್ಟವರೇ.

ಪ್ಲೇನರ್ ಟ್ವೀಟರ್‌ನಲ್ಲಿ ಒಂದೇ ಪರದೆ ಎರಡೂ ಕಡೆಗೆ ಹಾಡುತ್ತದೆ. ತೆಳು ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಹಾವಿನಂತೆ ಹೋಗುವ ಅಲ್ಯೂಮಿನಿಯಂ ಗೆರೆ, ಪಕ್ಕದಲ್ಲಿ ಸಾಲು ಅಯಸ್ಕಾಂತ. ಕರೆಂಟ್ ಹರಿದಾಗ ನಾವು ಪಿಯುಸಿಯಲ್ಲಿ ಓದಿದ ಬಿ-ಐ-ಎಲ್ ಬಲವೇ ಹಾಳೆಯನ್ನು ತಳ್ಳುತ್ತದೆ. ಹಾಳೆ ಬಹಳ ಹಗುರ, ಹಾಗಾಗಿ ಚಕ್ರತಾಳದ ಪೆಟ್ಟು ಚುರುಕಾಗಿ ಬರುತ್ತದೆ. ಈ ತತ್ವದ ಮೇಲೆ ಇಡೀ ಸ್ಪೀಕರ್ ಕಟ್ಟಿದ ಅಮೆರಿಕದ ಜಿಮ್ ವೈನಿ 1969ರಲ್ಲಿ ಮ್ಯಾಗ್ನೆಪಾನ್ ಕಂಪನಿ ಶುರುಮಾಡಿದರು.

ಕಟ್ಟುವ ಮೊದಲು

ಎಲ್ಲಾ ಪ್ಲೇನರ್‌ಗಳ ಬೆನ್ನೂ ತೆರೆದಿರುವುದಿಲ್ಲ. ಬಿಜಿ ನಿಯೋ3 ಥರದವುಗಳಲ್ಲಿ ಹಿಂದಿನ ಕಪ್ ಬಿಚ್ಚಬಹುದು. ಅಂಟಿಸಿ ಮುಚ್ಚಿದ್ದನ್ನು ಕೊಂಡರೆ ಕೆಲಸಕ್ಕೆ ಬಾರದು.

ಕಪ್ ತೆಗೆದ ಮೇಲೆ ಟ್ವೀಟರ್‌ನ ಕೆಳಗಿನ ಸ್ವರಗಳೂ ಹಿಂದಿನ ಅಲೆಯಿಂದ ಅಳಿಯುತ್ತವೆ. ಹಾಳೆ ಅಲ್ಲಾಡುವ ಅಂತರವೂ ತೀರಾ ಕಡಿಮೆ. ಹಾಗಾಗಿ ಕ್ರಾಸ್‌ಓವರ್ ಮೇಲಕ್ಕೆ, 3 ಕಿಲೋಹರ್ಟ್ಸ್ ಆಸುಪಾಸಿನಲ್ಲಿ, ಕಡಿದಾಗಿ ಇರಲಿ. ನಾಲ್ಕನೇ ಆರ್ಡರ್ ಲಿಂಕ್ವಿಟ್ಜ್-ರೈಲಿ ಆದರೆ ಆಕ್ಟೇವ್‌ಗೆ 24 ಡೆಸಿಬಲ್ ಇಳಿತ ಸಿಗುತ್ತದೆ. ಒಂದು ಅನುಕೂಲವೂ ಉಂಟು: ಪ್ಲೇನರ್‌ನ ಇಂಪೀಡೆನ್ಸ್ ಹೆಚ್ಚುಕಡಿಮೆ ಶುದ್ಧ ರೆಸಿಸ್ಟೆನ್ಸ್. ನೆಟ್‌ವರ್ಕ್ ಅನಾಲಿಸಿಸ್ ಕ್ಲಾಸಿನ ಲೆಕ್ಕ ಇಲ್ಲಿ ಸುಳ್ಳಾಗುವುದಿಲ್ಲ.

3 ಕಿಲೋಹರ್ಟ್ಸ್‌ನ ಅಲೆಯ ಉದ್ದ ಸುಮಾರು 11.5 ಸೆಂಟಿಮೀಟರ್. ಟ್ವೀಟರ್ ಸುತ್ತ ಅದಕ್ಕಿಂತ ಅಗಲದ ಹಲಗೆ ಇಟ್ಟರೆ 8ರ ಆಕಾರ ಕೆಡುತ್ತದೆ. ವೂಫರ್ ಹಲಗೆ ಎಷ್ಟೇ ಅಗಲವಿರಲಿ, ಟ್ವೀಟರ್‌ನದು ಕಿರಿದಾಗಿರಲಿ. ಸಾಧ್ಯವಾದರೆ ಹಲಗೆಯ ತುದಿಯಲ್ಲಿ ಬರಿಯ ಚೌಕಟ್ಟಿನಲ್ಲಿ ನಿಲ್ಲಿಸಿ.

ನಮ್ಮೂರಿನ ಮಳೆಗಾಲವನ್ನು ಮರೆಯಬೇಡಿ. ಪಾರ್ಟಿಕಲ್ ಬೋರ್ಡ್ ತೇವಕ್ಕೆ ಉಬ್ಬುತ್ತದೆ, ಹಲಗೆಗೆ ಮರೈನ್ ಪ್ಲೈವುಡ್ ಒಳ್ಳೆಯದು. ತೆರೆದ ಬೆನ್ನಿಗೆ ತೆಳು ಬಟ್ಟೆ ಕಟ್ಟಿ, ಇರುವೆ, ಹಲ್ಲಿಗೆ ಅದು ಮನೆಯಾಗಬಾರದು. ಕಬ್ಬಿಣ ಅರೆಯುವ ಜಾಗದಲ್ಲಿ ಟ್ವೀಟರ್ ಇಡಲೇಬೇಡಿ. ಪುಡಿಯನ್ನು ಅಯಸ್ಕಾಂತ ಎಳೆದುಕೊಂಡರೆ ಹಾಳೆ ಹೋಯಿತು ಅಂತಲೇ ಲೆಕ್ಕ.

ಎಲ್ಲಿ ಇಡುವುದು?

ಹಿಂದಿನ ಗೋಡೆಯಿಂದ ಕನಿಷ್ಠ 1 ಮೀಟರ್ ದೂರ. ಆಗ ಹಿಂದಿನ ಅಲೆ 2 ಮೀಟರ್ ಹೆಚ್ಚು ನಡೆದು, ಸುಮಾರು 6 ಮಿಲಿಸೆಕೆಂಡ್ ತಡವಾಗಿ ಕಿವಿ ಮುಟ್ಟುತ್ತದೆ. ಆ ಬಿಡುವು ಸಿಕ್ಕರೆ ನೇರ ಶಬ್ದವನ್ನು ಕಿವಿ ಬೇರೆಯಾಗಿ ಹಿಡಿಯುತ್ತದೆ. ಗೋಡೆಗೆ ಒತ್ತಿ ಇಟ್ಟರೆ ಇಷ್ಟು ಕಷ್ಟಪಟ್ಟದ್ದು ದಂಡ.

ಕೊನೆಗೆ ಒಂದು ಸುಲಭ ಪರೀಕ್ಷೆ. ಚೆಂಡೆ, ಚಕ್ರತಾಳ, ಭಾಗವತರ ಪದ ಒಟ್ಟಿಗೆ ಇರುವ ರೆಕಾರ್ಡಿಂಗ್ ಹಾಕಿ, ಸ್ಪೀಕರಿನ ಎದುರಿನಿಂದ ಬದಿಗೆ ನಿಧಾನ ನಡೆಯಿರಿ. ಎಲ್ಲವೂ ಒಟ್ಟಿಗೆ ತಗ್ಗಬೇಕು. ಚಕ್ರತಾಳ ಒಂದೇ ಬದಿಯಲ್ಲಿ ಉಳಿದುಬಿಟ್ಟರೆ ಟ್ವೀಟರ್ ಇನ್ನೂ ಡೈಪೋಲ್ ಆಗಿಲ್ಲ ಅಂತ ಅರ್ಥ. ಮೊದಲು ಆ ಹಲಗೆಯ ಅಗಲ ನೋಡಿ.