ಅಂಗಳಕ್ಕೆ ಆವರಿಕೆ

ಬೇಸಿಗೆ ಬಂತೆಂದರೆ ಮನೆಯ ಮುಂದಿನ ಹೂಗಿಡಕ್ಕೆ ಹಾಕುವ ನೀರೂ ಲೆಕ್ಕಕ್ಕೆ ಬರುತ್ತದೆ. ೨೦೧೯ರ ಬೇಸಿಗೆಯಲ್ಲಿ ಕೃಷ್ಣಾ ನದಿ ಬತ್ತಿ, ಚಿಕ್ಕೋಡಿ, ರಾಯಬಾಗ, ಅಥಣಿ ಭಾಗದ ನದಿದಂಡೆಯ ಊರುಗಳೇ ನೀರಿಗಾಗಿ ಪರದಾಡಿದುದು ನಿಮಗೆ ನೆನಪಿರಬಹುದು. ಅಂಥ ವರ್ಷದಲ್ಲಿ ಗುಲಾಬಿ, ದಾಸವಾಳಗಳನ್ನು ಉಳಿಸಿಕೊಳ್ಳುವುದು ಕಷ್ಟ. ಆದರೆ ಯಾರೂ ನೀರುಣಿಸದ ಆವರಿಕೆ ಗಿಡ ಹೊಲದ ಬದುವಿನ ಮೇಲೆ ಹಸಿರಾಗಿಯೇ ನಿಂತಿರುತ್ತದೆ. ಇದನ್ನು ಅಂಗಳದಲ್ಲಿಯೂ ಬೆಳೆಸಬಹುದು. ಆದರೆ ಬೆಳೆದ ಗಿಡವನ್ನು ಕಿತ್ತು ತಂದು ನೆಟ್ಟರೆ, ಇಲ್ಲವೆ ದಿನವೂ ನೀರು ಹಾಕಿದರೆ ಅದು ಬದುಕುವುದು ಕಷ್ಟ.

ಗಿಡದ ಗುರುತು

ಇದಕ್ಕೆ ತಂಗಡಿ ಎಂದೂ, ಮರಾಠಿಯಲ್ಲಿ ತರವಡ ಎಂದೂ ಹೆಸರು. ಸಾಮಾನ್ಯವಾಗಿ ೪ರಿಂದ ೬ ಅಡಿ ಎತ್ತರದ ಪೊದೆ. ಹೊನ್ನಿನ ಬಣ್ಣದ ಹೂಗೊಂಚಲು. ಕಾಗದದಂತೆ ತೆಳುವಾದ ಚಪ್ಪಟೆ ಕಾಯಿ. ಎಲೆಯ ಬುಡದಲ್ಲಿ ಕಿವಿಯ ಆಕಾರದ ಎರಡು ಅಗಲ ದಳಗಳಿರುತ್ತವೆ. ಹಳದಿ ಹೂವಿನ ಬೇರೆ ಗಿಡಗಳಿಂದ ಇದನ್ನು ಬೇರ್ಪಡಿಸಲು ಈ ಗುರುತು ಸಾಕು.

ಜಾಗ

ಇಡೀ ದಿನ ಬಿಸಿಲು ಬೀಳುವ, ನೀರು ಬಸಿದು ಹೋಗುವ ಜಾಗ ಬೇಕು. ಗರಸು ಮಣ್ಣು, ಮಡ್ಡಿ ಭೂಮಿ ಚೆನ್ನಾಗಿ ಒಪ್ಪುತ್ತವೆ. ಎರೆ ಮಣ್ಣಿದ್ದರೆ ಒಂದು ಅಡಿ ಎತ್ತರದ ಏರಿ ಮಾಡಿಕೊಳ್ಳಿ. ಬರವನ್ನು ತಾಳುವ ಈ ಗಿಡ ನಿಂತ ನೀರನ್ನು ತಾಳುವುದಿಲ್ಲ. ಬೇಸಿಗೆಯಲ್ಲಿ ಬತ್ತಿದ ಕೃಷ್ಣೆಯೇ ೨೦೧೯ರ ಆಗಸ್ಟ್‌ನಲ್ಲಿ ಉಕ್ಕಿ ಹರಿಯಿತು. ಹಾಗೆ ಪ್ರವಾಹ ತಲಪುವ ಜಾಗವನ್ನೂ, ಬಚ್ಚಲು ನೀರು ನಿಲ್ಲುವ ಮೂಲೆಯನ್ನೂ ಬಿಡಬೇಕು.

ಬೀಜೋಪಚಾರ ಮತ್ತು ಬಿತ್ತನೆ

ಗಿಡದಲ್ಲಿಯೇ ಒಣಗಿ ಕಂದು ಬಣ್ಣಕ್ಕೆ ತಿರುಗಿದ ಕಾಯಿಗಳಿಂದ ಬೀಜ ಬಿಡಿಸಿಕೊಳ್ಳಿ. ಬೀಜದ ಸಿಪ್ಪೆ ಗಟ್ಟಿ. ಹಾಗೆಯೇ ಬಿತ್ತಿದರೆ ಬಹಳಷ್ಟು ಬೀಜ ಬೇಗ ಮೊಳೆಯುವುದಿಲ್ಲ. ಆದ್ದರಿಂದ ನೀರನ್ನು ಕುದಿಸಿ, ಒಲೆಯಿಂದ ಇಳಿಸಿ, ಕುದಿ ನಿಂತ ಮೇಲೆ ಬೀಜದ ಮೇಲೆ ಸುರಿಯಿರಿ. ರಾತ್ರಿಯಿಡೀ ಅದರಲ್ಲಿಯೇ ನೆನೆಯಲಿ. ಬೀಜವನ್ನು ಒಲೆಯ ಮೇಲಿಟ್ಟು ಕುದಿಸಬಾರದು. ಬೆಳಿಗ್ಗೆ ಉಬ್ಬಿದ ಬೀಜಗಳನ್ನು ಆರಿಸಿ ಬಿತ್ತಿ. ಉಬ್ಬದಿದ್ದವನ್ನು ಒರಟು ಕಲ್ಲಿನ ಮೇಲೆ ತುಸು ತಿಕ್ಕಿ ಮತ್ತೆ ನೆನೆಸಿ.

ಮೃಗಶಿರಾ ಮಳೆ ಬಿದ್ದು ನೆಲ ಹಸಿಯಾದಾಗ, ಗಿಡ ಇರಬೇಕಾದ ಜಾಗದಲ್ಲಿಯೇ ಬಿತ್ತುವುದು ಉತ್ತಮ. ತಾಯಿಬೇರು ನೇರವಾಗಿ ಆಳಕ್ಕೆ ಇಳಿಯುತ್ತದೆ; ಕಿತ್ತಾಗ ಅದೇ ಕಡಿಯುತ್ತದೆ. ಒಂದು ಅಡಿ ಗುಂಡಿಯ ಮಣ್ಣಿಗೆ ಎರಡು ಬೊಗಸೆ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಿ, ಅರ್ಧ ಅಂಗುಲ ಆಳದಲ್ಲಿ ೩ ಬೀಜ ಹಾಕಿ. ಗೇಣುದ್ದವಾದಾಗ ಗಟ್ಟಿಮುಟ್ಟಾದ ಒಂದನ್ನು ಉಳಿಸಿ. ಬೇಲಿಗೆ ೨ ಅಡಿ, ಬಿಡಿಗಿಡಕ್ಕೆ ೪ ಅಡಿ ಅಂತರವಿರಲಿ.

ಆರೈಕೆ

ನಿಪ್ಪಾಣಿ ಕಡೆ ಮಳೆಗಾಲದಲ್ಲಿ ನೀರು ಕೊಡುವ ಅಗತ್ಯ ಬೀಳುವುದು ಅಪರೂಪ. ಮಳೆ ಕಡಿಮೆಯಾಗುವ ಅಥಣಿ, ಕಾಗವಾಡ ಭಾಗದಲ್ಲಿ ಮಳೆ ತಡೆದರೆ ಸಸಿಗೆ ವಾರಕ್ಕೊಮ್ಮೆ ಕೊಡಿ. ಮೊದಲ ಬೇಸಿಗೆಯಲ್ಲಿ ೧೫ ದಿನಕ್ಕೊಂದು ಕೊಡ ಸಾಕು. ಬೇರು ಇಳಿದ ಮೇಲೆ, ಎರಡನೆಯ ವರ್ಷದಿಂದ, ನೀರು ನಿಲ್ಲಿಸಿರಿ. ರಸಗೊಬ್ಬರ ಬೇಡ; ಹಾಕಿದರೆ ಸೊಪ್ಪು ಹೆಚ್ಚಿ ಹೂ ಕಡಿಮೆಯಾಗುತ್ತದೆ.

ಹೂವಿನ ಭರಾಟೆ ಮುಗಿದ ಮೇಲೆ ಮೂರರಲ್ಲಿ ಒಂದು ಭಾಗ ಸವರಿದರೆ ಹೊಸ ಚಿಗುರಿನಲ್ಲಿ ಹೂ ತುಂಬುತ್ತದೆ. ಎಲೆ ತಿನ್ನುವ ಹಸಿರು ಹುಳುಗಳು ಮುಂದೆ ಬಿಳಿ ಚಿಟ್ಟೆಗಳಾಗುವಂಥವು; ಔಷಧಿ ಸಿಂಪಡಿಸಬೇಡಿ, ಗಿಡ ಮತ್ತೆ ಚಿಗುರುತ್ತದೆ.

ಉಪಯೋಗ

ದನಗಳು ಸಾಮಾನ್ಯವಾಗಿ ಇದನ್ನು ಮೇಯುವುದಿಲ್ಲ. ಆದ್ದರಿಂದ ಬೇಲಿಗೆ ಅನುಕೂಲ. ಸವರಿದ ಸೊಪ್ಪು ಹಸಿರೆಲೆ ಗೊಬ್ಬರವಾಗುತ್ತದೆ. ದುಂಬಿಗಳು ಪರಾಗಕ್ಕಾಗಿ ಹೂವಿಗೆ ಬರುತ್ತವೆ. ಅವೇ ನಿಮ್ಮ ಬದನೆ, ಟೊಮ್ಯಾಟೊ ಹೂಗಳಿಗೂ ನೆರವಾಗುತ್ತವೆ. ದಕ್ಷಿಣ ಭಾರತದಲ್ಲಿ ಚರ್ಮ ಹದ ಮಾಡಲು ಇದರ ತೊಗಟೆಯನ್ನು ಬಹುಕಾಲ ಬಳಸಿದ್ದಾರೆ. ತೆಲಂಗಾಣಕ್ಕೆ ಇದು ರಾಜ್ಯಪುಷ್ಪ.

ಬದು ಸ್ವಚ್ಛ ಮಾಡುವಾಗ ಆವರಿಕೆಯನ್ನು ಬುಡಸಹಿತ ಅಗೆದು ಹಾಕಬೇಡಿ. ನಾಲ್ಕು ಗಿಡಗಳನ್ನಾದರೂ ಬೀಜಕ್ಕೆ ಬಿಡಿ. ಅಲ್ಲಿ ಗಿಡ ಉಳಿದರೆ ಮಾತ್ರ ಅಂಗಳಕ್ಕೆ ಬೀಜ ಸಿಕ್ಕೀತು.