ಪ್ರಜೆಯ ಪಹಣಿಯೂ ತಂತ್ರಾಂಶದ ಒಡೆತನವೂ

ಕೊಪ್ಪಳದ ಗವಿಮಠದ ಬೆಟ್ಟದಲ್ಲಿಯೂ ಸಮೀಪದ ಪಾಲ್ಕಿಗುಂಡಿನಲ್ಲಿಯೂ ಇರುವ ಅಶೋಕ ಚಕ್ರವರ್ತಿಯ ಶಾಸನಗಳನ್ನು ನಮ್ಮ ವಾಚಕರಲ್ಲಿ ಅನೇಕರು ಕಣ್ಣಾರೆ ಕಂಡಿರುವರು. ಎರಡು ಸಾವಿರ ವರ್ಷಗಳಿಗೂ ಹಿಂದೆ ಆ ಅರಸನು ತನ್ನ ಮಾತನ್ನು ಭಂಡಾರದ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಲಿಲ್ಲ. ಹಾದಿಹೋಕರಿಗೆ ಕಾಣುವಂತೆ ಬಂಡೆಯ ಮೇಲೆ ಕೊರೆಯಿಸಿದನು. ದೊಡ್ಡವರಿಗೆ ಮಾತ್ರವಲ್ಲ, ಸಣ್ಣವರಿಗೂ ಪ್ರಯತ್ನದಿಂದ ಶ್ರೇಯಸ್ಸು ಲಭಿಸುವದೆಂಬದು ಅದರ ತಾತ್ಪರ್ಯ. ಆದರೆ ಬ್ರಾಹ್ಮೀ ಲಿಪಿಯನ್ನು ಬಲ್ಲವರು ಇಲ್ಲವಾದ ಮೇಲೆ ಅಂಥ ಬರಹಗಳೆಲ್ಲ ಶತಮಾನಗಳ ಕಾಲ ಮೂಕವಾಗಿ ನಿಂತವು. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಸಾಹೇಬರು ಆ ಲಿಪಿಯ ಗುಟ್ಟನ್ನು ಕಂಡುಹಿಡಿದ ತರುವಾಯವೇ ಅಶೋಕನ ಮಾತು ಲೋಕಕ್ಕೆ ಮತ್ತೆ ತಿಳಿಯಿತು. ಬಯಲಿನಲ್ಲಿದ್ದರೂ ಓದಲು ಬಾರದ ಬರಹವು ಮುಚ್ಚಿಟ್ಟ ಬರಹಕ್ಕೆ ಸಮಾನವೇ ಸರಿ.

ಈ ಮಾತಿನ ಸತ್ಯವನ್ನು ನಮ್ಮ ಸೀಮೆಯವರು ಅನುಭವದಿಂದಲೇ ಬಲ್ಲರು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ತಾಲೂಕುಗಳು 1948ರ ಸೆಪ್ಟೆಂಬರದ ವರೆಗೆ ನಿಜಾಮರ ಸಂಸ್ಥಾನಕ್ಕೆ ಸೇರಿದ್ದವು. ಆಗ ಮೇಲಿನ ಕಚೇರಿಗಳ ಭಾಷೆ ಉರ್ದು. ಕನ್ನಡವಲ್ಲದೆ ಬೇರೊಂದನ್ನರಿಯದ ಒಕ್ಕಲಿಗನು ತನ್ನ ಹೊಲದ ಸಂಬಂಧವಾದ ಹುಕುಮನ್ನು ಕೈಯಲ್ಲಿ ಹಿಡಿದುಕೊಂಡು, ಅದನ್ನು ಓದಿ ಹೇಳುವವನನ್ನು ಹುಡುಕಬೇಕಾಗುತ್ತಿತ್ತು. ಓದಿದವನು ಹೇಳಿದ್ದೇ ಸತ್ಯ. ಅವನು ಕೇಳಿದ್ದೇ ಕೂಲಿ. ಆ ಕಾಲವು ಹೋಯಿತೆಂದು ನಾವೆಲ್ಲರೂ ಸಮಾಧಾನಪಟ್ಟಿರುವೆವು. ಆದರೆ ಪ್ರಜೆಗೆ ಓದಲು ಬಾರದ ಇನ್ನೊಂದು ಲಿಪಿಯು ಇಂದು ಕಚೇರಿಗಳನ್ನು ಹೊಕ್ಕಿರುವದನ್ನು ಎಷ್ಟು ಜನರು ಗಮನಿಸಿದ್ದಾರೆ? ಕಂಪ್ಯೂಟರನ್ನು ನಡೆಯಿಸುವ ತಂತ್ರಾಂಶವೇ, ಅರ್ಥಾತ್ ಸಾಫ್ಟ್‌ವೇರೇ, ಆ ಲಿಪಿ.

ನಾವು ಯಂತ್ರದ ವಿರೋಧಿಗಳಲ್ಲ. 2001ರ ಸುಮಾರಿಗೆ ಕರ್ನಾಟಕ ಸರಕಾರವು 'ಭೂಮಿ' ಯೋಜನೆಯ ಮೂಲಕ ಸುಮಾರು 67 ಲಕ್ಷ ಹಿಡುವಳಿದಾರರ ಎರಡು ಕೋಟಿಯಷ್ಟು ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿ, 15 ರೂಪಾಯಿಗೆ ಒಂದು ಪ್ರತಿ ದೊರೆಯುವಂತೆ ಮಾಡಿತು. ಅದಕ್ಕೆ ಮೊದಲು ಗ್ರಾಮಲೆಕ್ಕಿಗನ ದಫ್ತರಿನ ಮುಂದೆ ರೈತನು ಎಷ್ಟು ಸಲ ಕೈಕಟ್ಟಿ ನಿಲ್ಲಬೇಕಾಗಿತ್ತೆಂಬದನ್ನು ಬಲ್ಲವರು ಈ ಸುಧಾರಣೆಯನ್ನು ಹೀಗಳೆಯಲಾರರು. ಆದರೆ ಕೈಬರಹದ ಪಹಣಿಗೆ ಮಾನ್ಯತೆ ತಪ್ಪಿದ ದಿನದಿಂದ ಯಂತ್ರವು ಹೇಳಿದ್ದೇ ಪ್ರಮಾಣವಾಯಿತು. ಹೆಸರಿನಲ್ಲಿ ಒಂದಕ್ಷರ ತಪ್ಪಿದರೆ, ಗುಂಟೆಯ ಲೆಕ್ಕದಲ್ಲಿ ಒಂದಂಕಿ ಜಾರಿದರೆ, ತಿದ್ದುಪಡಿಗಾಗಿ ಅಲೆಯುವವನು ರೈತನೇ ಹೊರತು ತಂತ್ರಾಂಶವನ್ನು ಮಾಡಿದವನಲ್ಲ.

ಕೂಲಿಯವನ ಪಾಡನ್ನೂ ನೋಡಿರಿ. 2023ರ ಜನವರಿ 1ರಿಂದ ಉದ್ಯೋಗ ಖಾತರಿಯ ಸಾರ್ವಜನಿಕ ಕಾಮಗಾರಿಗಳಲ್ಲಿ ದಿನಕ್ಕೆರಡು ಸಲ ಛಾಯಾಚಿತ್ರ ಸಹಿತವಾಗಿ ಮೊಬೈಲ್ ತಂತ್ರಾಂಶದ ಮೂಲಕವೇ ಹಾಜರಿ ಹಾಕತಕ್ಕದ್ದೆಂದು ಕಡ್ಡಾಯವಾಯಿತು. ಮಳೆಯನ್ನೇ ನೆಚ್ಚಿದ ಕುಷ್ಟಗಿ, ಯಲಬುರ್ಗಾ ಕಡೆಯ ಎರೆಹೊಲದಲ್ಲಿ ಬೆವರು ಸುರಿಸಿದವನ ಕೂಲಿಯು ಮೊಬೈಲಿನ ಸಂಪರ್ಕಕ್ಕೆ ಅಧೀನವಾಯಿತು. ಚಿತ್ರವು ಏರದಿದ್ದರೆ ದುಡಿಮೆಯೇ ನಡೆಯಲಿಲ್ಲವೆಂದು ಯಂತ್ರವು ತೀರ್ಪು ಕೊಡುವದು. ಯಂತ್ರಕ್ಕೆ ಆ ನಿಯಮವನ್ನು ಕಲಿಸಿದವರಾರು? ಅದನ್ನು ಪರೀಕ್ಷಿಸುವ ಅಧಿಕಾರ ಯಾರಿಗಿದೆ? ತಂತ್ರಾಂಶದ ಪರವಾನಿಗೆಯ ಪ್ರಶ್ನೆಯು ಹುಟ್ಟುವದು ಇಲ್ಲಿಯೇ.

ತಂತ್ರಾಂಶದೊಳಗಿನ ನಿಯಮಗಳನ್ನು ಮನುಷ್ಯರು ಓದಬಲ್ಲ ರೂಪದಲ್ಲಿ ಬರೆದಿಡುವರು. ಇದಕ್ಕೆ ಮೂಲಸಂಕೇತವೆಂದು ಹೆಸರು. ಅದು ಕೈಯಲ್ಲಿದ್ದರೆ ಬಲ್ಲವನಾದ ಯಾವನೇ ಆಗಲಿ ತಪ್ಪನ್ನು ಹುಡುಕಿ ತಿದ್ದಬಹುದು. ಇಲ್ಲದಿದ್ದರೆ ಮಾಡಿದವನೇ ಬರಬೇಕು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೆಯ ಗೇಟಿನ ಸರಪಳಿ ತುಂಡಾದದ್ದನ್ನು ಗಂಗಾವತಿಯ ಭತ್ತದ ರೈತರು ಮರೆತಿಲ್ಲ. ನೀರು ಪೋಲಾಗುವದನ್ನು ಎಲ್ಲರೂ ಕಂಡರು, ತಜ್ಞರು ಬಂದರು, ಸುಮಾರು ಒಂದು ವಾರದಲ್ಲಿ ತಾತ್ಕಾಲಿಕ ಗೇಟನ್ನು ಇಳಿಸಿ ನೀರನ್ನು ತಡೆದರು. ಕಟ್ಟಿದವರೇ ಬರಬೇಕೆಂದು ಯಾರೂ ಕಾಯಲಿಲ್ಲ. ಏಕೆಂದರೆ ಗೇಟಿನ ರಚನೆಯು ಕಣ್ಣಿಗೆ ಕಾಣುವಂಥದು. ಮುಚ್ಚಿದ ತಂತ್ರಾಂಶದ ಸರಪಳಿಯು ತುಂಡಾದರೆ ನೀರು ಹರಿಯುವದೂ ಕಾಣುವದಿಲ್ಲ, ತಡೆಯುವದಕ್ಕೆ ಕೈಹಾಕುವ ಹಕ್ಕೂ ಯಾರಿಗೂ ಇರುವದಿಲ್ಲ.

ಈ ಅನ್ಯಾಯವನ್ನು ಮೊದಲು ಎತ್ತಿ ಆಡಿದವರಲ್ಲಿ ಅಮೇರಿಕೆಯ ರಿಚರ್ಡ್ ಸ್ಟಾಲ್‌ಮನ್ನರು ಪ್ರಮುಖರು. ತಂತ್ರಾಂಶವನ್ನು ಬೇಕಾದ ಕಾರ್ಯಕ್ಕೆ ಬಳಸುವ, ಒಳಹೊಕ್ಕು ಅಭ್ಯಸಿಸಿ ಮಾರ್ಪಡಿಸುವ, ಪ್ರತಿಮಾಡಿ ಹಂಚುವ, ತಿದ್ದಿದ್ದನ್ನು ಇತರರಿಗೆ ಕೊಡುವ ನಾಲ್ಕು ಸ್ವಾತಂತ್ರ್ಯಗಳು ಎಲ್ಲರಿಗೂ ಸಲ್ಲಬೇಕೆಂಬದು ಅವರ ಸಿದ್ಧಾಂತ. 1989ರಲ್ಲಿ ಪ್ರಕಟವಾದ ಜಿ.ಪಿ.ಎಲ್. ಎಂಬ ಪರವಾನಿಗೆಯು ಈ ಸಿದ್ಧಾಂತಕ್ಕೆ ಕಾನೂನಿನ ರೂಪ ಕೊಟ್ಟಿತು. ಇಲ್ಲಿ ಸ್ವಾತಂತ್ರ್ಯವೆಂದರೆ ಧರ್ಮಾರ್ಥವೆಂದು ಅರ್ಥವಲ್ಲ. 1998ರಲ್ಲಿ ಶೇಷಾದ್ರಿವಾಸು ಅವರು ಹೊರತಂದ 'ಬರಹ'ವು ಬಹುಕಾಲ ಬೆಲೆಯಿಲ್ಲದೆ ದೊರೆತು ಕನ್ನಡಿಗರಿಗೆ ಮಹದುಪಕಾರ ಮಾಡಿತು. ಅನಂತರ ಅದಕ್ಕೆ ಬೆಲೆ ನಿಗದಿಯಾಯಿತು. ಶ್ರಮಕ್ಕೆ ಬೆಲೆ ಪಡೆಯುವದು ದೋಷವಲ್ಲ. ಬೆಲೆಯು ಕರ್ತೃವಿನ ಇಚ್ಛೆ. ಸ್ವಾತಂತ್ರ್ಯವು ಬಳಸುವವನ ಹಕ್ಕು. ಇವೆರಡರ ಭೇದವನ್ನು ನಾವು ಅರಿತುಕೊಳ್ಳಬೇಕು.

ಔದಾರ್ಯದ ಮೇಲ್ಪಂಕ್ತಿಯು ನಮ್ಮಲ್ಲಿಯೇ ಇದೆ. ಕಿನ್ನಿಕಂಬಳ ಪದ್ಮನಾಭ ರಾಯರು ರೂಪಿಸಿದ ಕೀಲಿಮಣೆಯ ವಿನ್ಯಾಸವನ್ನು ಸರಕಾರವು ಪ್ರಮಾಣವೆಂದು ಅಂಗೀಕರಿಸಿತು. 'ನುಡಿ' ತಂತ್ರಾಂಶವು ಅದನ್ನೇ ಅನುಸರಿಸಿತು. ರಾಯರು ಅದಕ್ಕೆ ಹಕ್ಕಿನ ಬೇಲಿ ಕಟ್ಟದೆ ಕನ್ನಡಿಗರಿಗೆಲ್ಲ ಬಿಟ್ಟುಕೊಟ್ಟರು. ಇಂದು ಕನ್ನಡದಲ್ಲಿ ಬೆರಳೊತ್ತುವ ಪ್ರತಿಯೊಬ್ಬ ಗುಮಾಸ್ತನೂ ಈ ದಾನದ ಫಲಭಾಗಿಯು. ಇದಕ್ಕೆ ವಿರುದ್ಧವಾದ ಅನುಭವವೂ ನಮಗುಂಟು. ನಮ್ಮ ಕಾರ್ಯಾಲಯದಲ್ಲಿ ಹಿಂದೊಮ್ಮೆ ಒಂದು ಖಾಸಗಿ ಅಕ್ಷರಮಾದರಿಯಲ್ಲಿ ಅಚ್ಚುಮಾಡಿಟ್ಟ ಹಲವು ವರ್ಷಗಳ ಲೇಖನಗಳು, ಆ ತಂತ್ರಾಂಶವು ಹಳತಾದ ಮೇಲೆ, ಕನ್ನಡವೂ ಅಲ್ಲದ ಇಂಗ್ಲಿಷೂ ಅಲ್ಲದ ಗೀಟುಗಳಾಗಿ ಕಂಡವು. ಪಾಲ್ಕಿಗುಂಡಿನ ಬರಹಕ್ಕೆ ಶತಮಾನಗಳಲ್ಲಿ ಬಂದ ಗತಿಯು ನಮ್ಮ ಬರಹಕ್ಕೆ ಹದಿನೈದು ವರ್ಷಗಳಲ್ಲಿ ಬಂದಿತು. ಕನ್ನಡದ ಪ್ರತಿಯೊಂದಕ್ಷರಕ್ಕೂ ಜಗತ್ತೇ ಒಪ್ಪಿದ ಸ್ಥಾನವಿರುವ ಯುನಿಕೋಡ್ ಕ್ರಮದಲ್ಲಿ ಬರೆದಿಟ್ಟಿದ್ದರೆ ಈ ನಷ್ಟವು ಒದಗುತ್ತಿರಲಿಲ್ಲ.

ಆದರೆ ಸ್ವಾತಂತ್ರ್ಯವೊಂದರಿಂದಲೇ ನ್ಯಾಯವು ಸಿದ್ಧಿಸುವದೇ? ಬೇಕಾದ ಕಾರ್ಯಕ್ಕೆ ಬಳಸಬಹುದೆಂದರೆ ಪ್ರಜಾಪೀಡನೆಗೂ ಬಳಸಬಹುದೆಂದಾಯಿತು. ಈ ಸಂಕಟದಿಂದಲೇ 2019ರಲ್ಲಿ ಅಮೇರಿಕೆಯ ಕೊರಲೈನ್ ಅಡಾ ಎಮ್ಕೆ ಎಂಬವರು 'ಹಿಪ್ಪೊಕ್ರಾಟಿಕ್ ಪರವಾನಿಗೆ'ಯನ್ನು ರಚಿಸಿದರು. ಕೇಡು ಮಾಡೆನೆಂದು ವೈದ್ಯನು ಪ್ರತಿಜ್ಞೆ ಮಾಡುವಂತೆ, ಮನುಷ್ಯರ ಹಕ್ಕುಗಳನ್ನು ಮುರಿಯುವದಕ್ಕೆ ಈ ತಂತ್ರಾಂಶವನ್ನು ಬಳಸಕೂಡದೆಂಬದು ಅದರ ಕಟ್ಟಳೆ. ಚರಕಸಂಹಿತೆಯಲ್ಲಿಯೂ ವೈದ್ಯಶಿಷ್ಯನಿಗೆ ಇಂಥ ನಿಯಮಗಳನ್ನು ವಿಧಿಸಿದೆ. 2022ರಲ್ಲಿ ಕನ್ನಡವನ್ನೂ ಒಳಗೊಂಡು 46 ಭಾಷೆಗಳಲ್ಲಿ ಬರೆಯಬಲ್ಲ 'ಬ್ಲೂಮ್' ಎಂಬ ಕೃತಕ ಬುದ್ಧಿಯ ಯಂತ್ರವನ್ನು ಲೋಕಕ್ಕೆ ಬಿಟ್ಟವರೂ ನಿಷಿದ್ಧವಾದ ಉಪಯೋಗಗಳ ಪಟ್ಟಿಯನ್ನು ಪರವಾನಿಗೆಗೆ ಜೋಡಿಸಿದರು. ಹಳೆಯ ಪಕ್ಷದವರು ಇದನ್ನು ಒಪ್ಪುವದಿಲ್ಲ. ಇಂದು ಸಜ್ಜನನು ದುರ್ಜನನಿಗೆ ಹಾಕಿದ ನಿರ್ಬಂಧವನ್ನೇ ನಾಳೆ ಬಲಿಷ್ಠನು ದುರ್ಬಲನಿಗೆ ಹಾಕಬಹುದೆಂಬದು ಅವರ ಆಕ್ಷೇಪಣೆ.

ನಮ್ಮ ಅಭಿಪ್ರಾಯವನ್ನು ಸ್ಪಷ್ಟವಾಗಿ ಹೇಳುವೆವು. ಎಮ್ಕೆಯವರು ಎತ್ತಿದ ಪ್ರಶ್ನೆಯು ಸರಿಯಾದುದು. ಆದರೆ ನಮ್ಮಂಥ ದೇಶದಲ್ಲಿ ಅದರ ಉತ್ತರವನ್ನು ಒಬ್ಬ ಕರ್ತೃವಿನ ಕಟ್ಟಳೆಗೆ ಬಿಟ್ಟರೆ ಸಾಲದು. ಪ್ರಬಲವಾದ ಕಂಪನಿಯನ್ನೋ ಇಲಾಖೆಯನ್ನೋ ನ್ಯಾಯಾಲಯಕ್ಕೆ ಎಳೆಯುವ ಶಕ್ತಿ ಆ ಕರ್ತೃವಿಗೆಲ್ಲಿಯದು? ತಂತ್ರಾಂಶಕ್ಕೆ ಸ್ವಾತಂತ್ರ್ಯದ ಪರವಾನಿಗೆಯಿರಲಿ. ಧರ್ಮದ ಕಟ್ಟಳೆಯು ಅದನ್ನು ಬಳಸುವ ಅಧಿಕಾರಸ್ಥಾನದ ಮೇಲಿರಲಿ. ಅಂದರೆ ಅದು ಟೆಂಡರಿನಲ್ಲಿಯೂ ಕರಾರಿನಲ್ಲಿಯೂ ಕಾನೂನಿನಲ್ಲಿಯೂ ಬರೆದಿರಬೇಕು.

ಇದು ಅಸಾಧ್ಯವಾದ ಬೇಡಿಕೆಯಲ್ಲ. ಸರಕಾರಿ ಕಾರ್ಯಗಳಲ್ಲಿ ಮುಕ್ತ ತಂತ್ರಾಂಶಕ್ಕೆ ಪ್ರಾಶಸ್ತ್ಯ ಕೊಡಬೇಕೆಂದು ಭಾರತ ಸರಕಾರವೇ 2015ರಲ್ಲಿ ನೀತಿಯನ್ನು ಪ್ರಕಟಿಸಿತು. ತನ್ನ ತಂತ್ರಾಂಶಗಳ ಮೂಲಸಂಕೇತವನ್ನು ತೆರೆದಿಡುವ ಬಗೆಗೂ ಅದೇ ವರ್ಷ ಇನ್ನೊಂದು ನೀತಿಯು ಹೊರಟಿತು. 2020ರ ಮೇ ತಿಂಗಳಲ್ಲಿ, ಜನರು ಪ್ರಶ್ನಿಸಿದ ತರುವಾಯ, 'ಆರೋಗ್ಯ ಸೇತು'ವಿನ ಮೂಲಸಂಕೇತವು ಪ್ರಕಟವಾಯಿತು. ಮೂಲಸಂಕೇತವನ್ನು ತೆರೆದರೆ ಪ್ರಜೆಯ ಗುಟ್ಟು ಬಯಲಾಗುವದೆಂದು ಕೆಲವು ಅಧಿಕಾರಿಗಳು ಅಂಜುವರು. ತಕ್ಕಡಿಯ ರಚನೆಯನ್ನು ತೋರಿಸಿದರೆ ಸಾಹುಕಾರನ ಲೆಕ್ಕದ ವಹಿಯು ಬಯಲಾಗುವದಿಲ್ಲ. ಪ್ರಜೆಯ ಮಾಹಿತಿಯು ಮುಚ್ಚಿರಲಿ, ಅದನ್ನು ತೂಗುವ ನಿಯಮವು ತೆರೆದಿರಲಿ ಎಂಬಷ್ಟೇ ನಮ್ಮ ಕೋರಿಕೆ.

ಆದುದರಿಂದ ಜಿಲ್ಲಾಡಳಿತವೂ ನಗರಸಭೆ, ಪಂಚಾಯತಿಗಳೂ ತಂತ್ರಾಂಶವನ್ನು ಕೊಳ್ಳುವಾಗ ಮೂರು ಕರಾರುಗಳನ್ನು ಬರೆಯಿಸಿಕೊಳ್ಳಲಿ. ಪ್ರಜೆಯ ದುಡ್ಡಿನಿಂದ ಮಾಡಿಸಿದ ತಂತ್ರಾಂಶದ ಮೂಲಸಂಕೇತವು ಪ್ರಜೆಗೆ ಸೇರಬೇಕು. ದಾಖಲೆಗಳೆಲ್ಲ ಯುನಿಕೋಡ್ ಕನ್ನಡದಲ್ಲಿದ್ದು, ತಂತ್ರಾಂಶವು ಬದಲಾದರೂ ಓದಲು ಬರುವಂತಿರಬೇಕು. ಯಂತ್ರವು ಒಬ್ಬನ ಪಡಿತರವನ್ನಾಗಲಿ ಕೂಲಿಯನ್ನಾಗಲಿ ಹಕ್ಕನ್ನಾಗಲಿ ತಡೆದರೆ, ಕಾರಣವನ್ನು ಕನ್ನಡದಲ್ಲಿ ಬರೆದುಕೊಟ್ಟು ಗೊತ್ತಾದ ದಿನಗಳೊಳಗೆ ಅದನ್ನು ಸರಿಪಡಿಸುವ ಒಬ್ಬ ಮನುಷ್ಯಾಧಿಕಾರಿಯಿರಬೇಕು. ಮೂರನೆಯ ಕರಾರಿಗೆ ಹೊಸ ಯಂತ್ರವೇನೂ ಬೇಡ. ಇಂದಿನಿಂದಲೇ ಅದನ್ನು ನಡೆಸಬಹುದು. ಉರ್ದು ಹುಕುಮನ್ನು ಓದಿಸಲು ಅಲೆದ ಅಜ್ಜನ ಮೊಮ್ಮಗನು ಇಂದು ಕಂಪ್ಯೂಟರಿನ ಹುಕುಮನ್ನು ಕೈಯಲ್ಲಿ ಹಿಡಿದು ತಹಶೀಲ ಕಚೇರಿಯ ಮೆಟ್ಟಿಲಲ್ಲಿ ನಿಂತಿರುವನು. ಅವನನ್ನು ಒಳಗೆ ಕರೆದು ಮಾತಾಡಿಸುವ ಹೊಣೆಯು ಅಧಿಕಾರಿಗಳದೆಂದು ಅವರಿಗೆ ವಿನಯಪೂರ್ವಕವಾಗಿ ನೆನಪಿಸುವೆವು.