ಮಹದಾಯಿಯ ಮಡಿಲಲ್ಲೊಂದು ಹೋಡಿಶಾಲೆ

ಮಹದಾಯಿ ಎಂದರೆ ನಮಗೆ ನ್ಯಾಯಮಂಡಳಿ, ಕಳಸಾ-ಬಂಡೂರಿ, ನರಗುಂದ-ನವಲಗುಂದದ ರೈತರ ಧರಣಿ. ಖಾನಾಪುರದ ಕಾಡಿನಲ್ಲಿ ಹುಟ್ಟಿದ ಆ ನೀರು ಗಡಿ ದಾಟಿದ ಮೇಲೆ ಏನು ಮಾಡುತ್ತದೆ ಎಂದು ವಿಚಾರಿಸುವವರು ಕಡಿಮೆ. ಗೋವಾದಲ್ಲಿ ಅದು ಮಾಂಡವಿಯಾಗಿ, ಕಡಲು ಸೇರುವ ಮುನ್ನ ದಿವಾರ್ ದ್ವೀಪವನ್ನು ಬಳಸಿಕೊಂಡು ಹರಿಯುತ್ತದೆ. ದ್ವೀಪಕ್ಕೆ ಹೋಗಲು ಇಂದಿಗೂ ಫೆರಿಯೇ ಗತಿ. ಅಲ್ಲಿಯೇ ರತ್ನಾಕರ ದಾಂಡೇಕರ್ ಅವರ ದೋಣಿ ಕಟ್ಟುವ ಅಂಗಳ.

ಒಬ್ಬನೇ ನಾವಿಕ ಹಾಯಿದೋಣಿಯಲ್ಲಿ ಭೂಮಿ ಸುತ್ತಿ ಬರಬೇಕೆಂದು ನೌಕಾಪಡೆ ಹೊರಟಾಗ ದಾಂಡೇಕರ್ ಫೈಬರ್‌ಗ್ಲಾಸ್ ದೋಣಿ ಮಾಡಿಕೊಂಡಿದ್ದವರು. ಮಹಾಸಾಗರ ದಾಟುವ ಹಾಯಿದೋಣಿಯನ್ನು ಅವರು ಅದುವರೆಗೆ ಕಟ್ಟಿರಲೇ ಇಲ್ಲ. ಡಚ್ಚರ ನಕ್ಷೆ ಹಿಡಿದು, ಮರದ ಒಡಲಿಗೆ ಫೈಬರ್ ಹೊದಿಸಿ 56 ಅಡಿಯ ದೋಣಿ ಕಟ್ಟಿದರು. 2009ರಲ್ಲಿ ನೌಕಾಪಡೆ ಸೇರಿದ ಅದಕ್ಕೆ ಇಟ್ಟದ್ದು ನದಿಯದೇ ಹೆಸರು: ‘ಮ್ಹಾದೇಯಿ’. ಅದೇ ವರ್ಷ ದಿಲೀಪ್ ದೊಂದೆ ಅದರಲ್ಲಿ ಹೊರಟು, 2010ರ ಮೇ ತಿಂಗಳಲ್ಲಿ ಮುಂಬೈಗೆ ಮರಳಿ, ಒಂಟಿಯಾಗಿ ಭೂಮಿ ಸುತ್ತಿದ ಮೊದಲ ಭಾರತೀಯರಾದರು. ಅಭಿಲಾಷ್ ಟೋಮಿ 2012-13ರಲ್ಲಿ ಎಲ್ಲಿಯೂ ದಡ ಮುಟ್ಟದೆ ಸುತ್ತಿದ್ದೂ ಇದರಲ್ಲೇ. 2017ರಲ್ಲಿ ತಂಗಿ ‘ತಾರಿಣಿ’ ಬಂದಳು. ವರ್ತಿಕಾ ಜೋಶಿ ನೇತೃತ್ವದ ಆರು ಮಹಿಳೆಯರನ್ನು 254 ದಿನಗಳಲ್ಲಿ ಲೋಕ ಸುತ್ತಿಸಿದಳು.

ಎಲ್ಲ ದೋಣಿಗೂ ಆ ಯೋಗವಿರಲಿಲ್ಲ. ಮುಂಬೈಯಲ್ಲಿ ಕಟ್ಟಿದ ‘ಸುಹೈಲಿ’ಯಲ್ಲಿ ರಾಬಿನ್ ನಾಕ್ಸ್-ಜಾನ್ಸ್‌ಟನ್ 1969ರಲ್ಲಿ ಒಂಟಿಯಾಗಿ, ತಡೆಯಿಲ್ಲದೆ ಭೂಮಿ ಸುತ್ತಿದ್ದರಲ್ಲ, ಅದರ ಪ್ರತಿರೂಪವಾಗಿ ಇಲ್ಲಿ ‘ತುರೀಯ’ ಸಿದ್ಧವಾಯಿತು. 2018ರ ಸೆಪ್ಟೆಂಬರಿನಲ್ಲಿ ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿಗೆ ಅದರ ಕೂವೆ ಮುರಿಯಿತು. ಅದರಲ್ಲಿ ಹೊರಟಿದ್ದು ಬೆನ್ನುಮೂಳೆಗೆ ಪೆಟ್ಟಾದ ಅಭಿಲಾಷ್ ಅವರನ್ನು ಫ್ರೆಂಚ್ ದೋಣಿಯೊಂದು ಬಂದು ಎತ್ತಿಕೊಂಡಿತು. ‘ತುರೀಯ’ ಅಲ್ಲೇ ಉಳಿಯಿತು.

ಇಷ್ಟಾದ ಮೇಲೆ ದಾಂಡೇಕರ್ ಹಿಂದಕ್ಕೆ ನಡೆದರು, ಒಂದೂವರೆ ಸಾವಿರ ವರ್ಷ ಹಿಂದಕ್ಕೆ. ಅಜಂತೆಯ ಐದನೇ ಶತಮಾನದ ಚಿತ್ರದಲ್ಲಿರುವ ಹಡಗನ್ನು ಕಟ್ಟುವ ಕೆಲಸ ಅವರ ಹೋಡಿ ಇನ್ನೊವೇಶನ್ಸ್‌ಗೆ ಬಂತು. (ಕೊಂಕಣಿಯ ‘ಹೋಡಿ’ ಎಂದರೆ ದೋಣಿ, ಹಳಗನ್ನಡದ ‘ಓಡ’ ನೆನಪಾಗುತ್ತದೆ.) ನಕ್ಷೆ ಇಲ್ಲ, ಮೊಳೆ ಹೊಡೆಯುವಂತಿಲ್ಲ. ಕೇರಳದ ಬಾಬು ಶಂಕರನ್ ಮೇಸ್ತ್ರಿಕೆಯಲ್ಲಿ ಹಲಗೆಯ ಅಂಚಿಗೆ ಅಂಚು ಕೂಡಿಸಿ, ತೂತು ಕೊರೆದು, ತೆಂಗಿನ ನಾರಿನ ಹಗ್ಗದಲ್ಲಿ ಹೊಲಿದರು. ಸಂದುಗಳಿಗೆ ನಾರು, ಮರದ ಅಂಟು. ಹೊಲಿದ ಒಡಲು ಅಲೆಯ ಹೊಡೆತಕ್ಕೆ ತುಸು ಬಾಗಿ ಕೊಡುತ್ತದೆ. ಮದ್ರಾಸ್ ಐಐಟಿಯವರು ಮಾದರಿಯನ್ನು ನೀರಿಗಿಳಿಸಿ ಪರೀಕ್ಷಿಸಿದರು. ಇಂಥ ಕೆಲಸ ದೊಡ್ಡ ಹಡಗುಕಟ್ಟೆಯಲ್ಲಿ ಆಗುತ್ತಿರಲಿಲ್ಲ ಎಂದೇ ನನಗನಿಸುತ್ತದೆ. ಒಂದೇ ಒಂದು ಹಡಗಿಗಾಗಿ ಮರೆತ ವಿದ್ಯೆಯನ್ನು ಮೊದಲಿನಿಂದ ಕಲಿಯುವ ತಾಳ್ಮೆ ಅಲ್ಲಿ ಯಾರಿಗೆ?

ಆ ಹಡಗಿನ ಹಾಯಿಯ ಮೇಲೆ ಗಂಡಭೇರುಂಡ. ಗೋವೆಯ ಕದಂಬರ ನೆನಪಿಗೆ ಅದನ್ನು ಬರೆದರಂತೆ. ಆ ಕದಂಬರ ಕುಲದೈವ ಸಪ್ತಕೋಟೀಶ್ವರನ ಮೂಲ ಗುಡಿ ಇದ್ದದ್ದು ಇದೇ ದಿವಾರ್‌ನಲ್ಲಿ. ಅವರ ಇನ್ನೊಂದು ನೆಲೆ ಹಲಸಿ ಇರುವುದು ಮಹದಾಯಿ ಹುಟ್ಟುವ ಖಾನಾಪುರ ತಾಲ್ಲೂಕಿನಲ್ಲಿ.

2025ರ ಮೇ 21ರಂದು ಕಾರವಾರದಲ್ಲಿ ‘ಕೌಂಡಿನ್ಯ’ ಎಂಬ ಹೆಸರಿನಲ್ಲಿ ಈ ಹಡಗು ನೌಕಾಪಡೆ ಸೇರಿತು. ಎಂಟು ದಿನ ಕಳೆದು, ಇಬ್ಬರೇ ಮಹಿಳಾ ಅಧಿಕಾರಿಗಳನ್ನು ಹೊತ್ತು ಎರಡನೇ ಸಲ ಭೂಮಿ ಸುತ್ತಿದ ‘ತಾರಿಣಿ’ ಗೋವೆಯ ದಡ ಮುಟ್ಟಿದಳು.